ಐದನೇ ದಿನಕ್ಕೆ ಸತ್ತ ಮರಿ ಯಾರ ಲೆಕ್ಕಕ್ಕೆ?

ಮುಧೋಳ ನಾಯಿ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಸೇನೆ, 2005ರಲ್ಲಿ ಬಂದ ಅಂಚೆಚೀಟಿ, 2020ರಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೆಸರು ಹೇಳಿದ್ದು. ನಮ್ಮ ಕಡೆ ಅದು ಎರಡು ಎಕರೆ ಕಬ್ಬು, ಎರಡು ಎಮ್ಮೆ, ಅದರ ಜೊತೆಗೆ ಎರಡು ಹೆಣ್ಣುನಾಯಿ. ಒಂದು ಸೂಲಿನ ಮರಿಗಳು ಸರಿಯಾಗಿ ಮಾರಿದರೆ ಮಕ್ಕಳ ಫೀ ಬಂದಂಗೆ. ಈ ಬಗ್ಗೆ 'ಬೇಡಿಕೆ ಹೆಚ್ಚಳ' ಅಂತ ಸುದ್ದಿ ನಾನೂ ಕಳಿಸಿದ್ದೇನೆ. ಮಾರಿದ ಮೇಲೆ ಏನಾಗುತ್ತೆ ಅನ್ನೋದು ಸುದ್ದಿ ಆಗೋದಿಲ್ಲ.

ಕಳೆದ ವರ್ಷ ಪಕ್ಕದ ಊರಿನ ಸಾಕಣೆದಾರರೊಬ್ಬರಿಗೆ ಪುಣೆಯಿಂದ ಫೋನ್ ಬಂತು. ಹನ್ನೆರಡು ಸಾವಿರ ಕೊಟ್ಟು ಒಯ್ದ ಮರಿ ಐದನೇ ದಿನ ಸತ್ತಿದೆ, ಪೂರ್ತಿ ರೊಕ್ಕ ವಾಪಸ್ ಕೊಡಿ, ಇಲ್ಲಾಂದ್ರೆ ವಿಡಿಯೋ ಹಾಕ್ತೀನಿ. ಇವರು ಹೇಳಿದ್ದು ಒಂದೇ ಮಾತು: "ನಾ ಕೊಡುವಾಗ ಮರಿ ಚೊಲೋ ಇತ್ರಿ." ಅದು ಸುಳ್ಳಲ್ಲ. ಆದರೆ ಅದರಿಂದ ಏನೂ ತೀರ್ಮಾನ ಆಗೋದಿಲ್ಲ.

ಯಾಕೆ ಅಂತ ತಿಳಿಯಲು ಪಾರ್ವೊ ರೋಗ ಹೇಗೆ ಬರುತ್ತೆ ನೋಡಬೇಕು. ವೈರಸ್ ಒಳಗೆ ಹೊಕ್ಕ ಮೇಲೆ ವಾಂತಿ, ರಕ್ತಭೇದಿ ಶುರುವಾಗಲು ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರ. ಅಂದರೆ ಆಟ ಆಡ್ತಾ ಗಾಡಿ ಹತ್ತಿದ ಮರಿಯ ಹೊಟ್ಟೆಯಲ್ಲಿ ರೋಗ ಆಗಲೇ ಇರಬಹುದು. ಇನ್ನೊಂದು ಕಡೆ, ಈ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕುತ್ತೆ. ಸೋಪಿನ ನೀರಿಗೆ ಸಾಯೋದಿಲ್ಲ, ಬ್ಲೀಚಿಂಗ್ ಬೇಕು. ಕೊಂಡವರ ಅಂಗಳದಲ್ಲಿ ಹಿಂದೆ ಒಂದು ಮರಿ ಪಾರ್ವೊದಿಂದ ಸತ್ತಿದ್ದರೆ ಹೊಸದಕ್ಕೆ ಅಲ್ಲೇ ಹತ್ತಬಹುದು. ಎರಡನೇ ದಿನವೇ ವಾಂತಿ ಶುರುವಾದರೆ ಮಾರಿದವರ ಕಡೆ ಬೆರಳು ತೋರಿಸಬಹುದು. ಇಪ್ಪತ್ತನೇ ದಿನ ಆದರೆ ಕೊಂಡವರ ಕಡೆ. ಜಗಳ ಇರೋದು ನಡುವಿನ ದಿನಗಳಲ್ಲಿ.

"ಲಸಿಕೆ ಆಗೇದ" ಅನ್ನೋ ಮಾತೂ ಅರ್ಧ ಮಾತು. ಮೊದಲ ಚುಚ್ಚುಮದ್ದು ಆರರಿಂದ ಎಂಟು ವಾರಕ್ಕೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ಹತ್ತೋದಿಲ್ಲ. ಅದಕ್ಕೇ ಮೂರ್ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗೋತನಕ ಹಾಕಿಸಬೇಕು. ಒಂದು ಚುಚ್ಚಿದ ಮರಿಯನ್ನು ಕೊಂಡವನು ಎಲ್ಲ ಮುಗಿದಿದೆ ಅಂದುಕೊಂಡು ಬೀದಿಗೆ ಬಿಡ್ತಾನೆ.

ಪುಣೆಯವರು ಮರಿಯನ್ನು ಹೂಳಿಬಿಟ್ಟಿದ್ದರು. ಮರಣೋತ್ತರ ಪರೀಕ್ಷೆ ಇಲ್ಲ, ಡಾಕ್ಟರ್ ಚೀಟಿ ಇಲ್ಲ. ಇವರ ಕಡೆಯೂ ರಸೀದಿ ಇಲ್ಲ. ಕೊನೆಗೆ ಆರು ಸಾವಿರ ಫೋನ್‌ಪೇ ಮಾಡಿದರು. ರೊಕ್ಕಕ್ಕಿಂತ ಹೆಚ್ಚು ಕೆಟ್ಟದ್ದು ಹೆಸರು. ಈ ಧಂದೆಯಲ್ಲಿ ಗಿರಾಕಿ ಬರೋದೇ ಬಾಯಿಂದ ಬಾಯಿಗೆ.

ಆಮೇಲೆ ನನ್ನ ಹತ್ತಿರ ಬಂದರು. ಹಳ್ಳಿಯಲ್ಲಿ ಪತ್ರಕರ್ತ ಅಂದ್ರೆ ಅರ್ಜಿ ಬರೆಯುವವನೂ ಹೌದು. "ರೊಕ್ಕ ವಾಪಸ್ ಇಲ್ಲ ಅಂತ ಒಂದು ಸಾಲು ಗಟ್ಟಿ ಬರೀರಿ" ಅಂದರು. ಆ ಸಾಲು ಅಂಗಡಿ ಬಿಲ್ಲಿನ ಕೆಳಗೆ ಇರೋದನ್ನ ನೀವೂ ನೋಡಿದ್ದೀರಿ. ಅದನ್ನು ಬರೆದ ಮಾತ್ರಕ್ಕೆ ಗ್ರಾಹಕನ ಹಕ್ಕು ಹೋಗೋದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಂಡವನು ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಪುಣೆಯವನು ಪುಣೆಯಲ್ಲೇ ಕೇಸ್ ಹಾಕಿದರೆ ಬಸ್ ಚಾರ್ಜ್ ಯಾರದು? ಇದನ್ನು ಕೇಳಿದ ಮೇಲೆ ಅವರು ಸುಮ್ಮನೆ ಕೂತರು.

ಇಂಟರ್ನೆಟ್‌ನಲ್ಲಿ ಸಿಗುವ ಇಂಗ್ಲಿಷ್ ಒಪ್ಪಂದಗಳನ್ನು ಓದಿದೆ. ಬಹಳಷ್ಟು ಅಮೆರಿಕದವು. ಅಲ್ಲಿ ಕೆಲವು ರಾಜ್ಯಗಳಲ್ಲಿ ರೋಗದ ಮರಿ ಮಾರಿದರೆ ಪರಿಹಾರಕ್ಕೆ ಬೇರೆ ಕಾನೂನೇ ಇದೆ, 'ಪಪ್ಪಿ ಲೆಮನ್ ಲಾ' ಅಂತಾರೆ. ಲ್ಯಾಬ್ರಡಾರ್, ಶೆಫರ್ಡ್‌ಗಳಿಗೆ ಬರುವ ಸೊಂಟದ ಕೀಲಿನ ರೋಗಕ್ಕೆ ವರ್ಷಗಟ್ಟಲೆ ಗ್ಯಾರಂಟಿ ಬರೆದಿರುತ್ತಾರೆ. ಕೀಲಿನ ಎಕ್ಸ್-ರೇ ಯಾವತ್ತೂ ತೆಗೆಸದ ನಾಯಿಗೆ ಅದನ್ನು ನಕಲು ಮಾಡೋದು ನಾಟಕ. ತಿಳಿಯದ್ದಕ್ಕೆ ಗ್ಯಾರಂಟಿ ಕೊಡಬಾರದು ಅಂತ ನನ್ನ ಹಟ.

ಕೊನೆಗೆ ಆಗಿದ್ದು ಒಂದೂವರೆ ಪುಟ ಕನ್ನಡ. ಮರಿ ಹುಟ್ಟಿದ ದಿನ, ಬಣ್ಣ, ಗುರುತು, ಮೈಕ್ರೋಚಿಪ್ ಸಂಖ್ಯೆ, ಯಾವ ಲಸಿಕೆ ಯಾವ ದಿನ ಆಗಿದೆ, ಮುಂದಿನದು ಯಾವಾಗ. ಒಯ್ದ ಮೂರು ದಿನದೊಳಗೆ ಪಶುವೈದ್ಯರಿಗೆ ತೋರಿಸಬೇಕು. ಹದಿನಾಲ್ಕು ದಿನದೊಳಗೆ ಪಾರ್ವೊ ಅಥವಾ ಡಿಸ್ಟೆಂಪರ್ ಅಂತ ವೈದ್ಯರು ಬರೆದುಕೊಟ್ಟರೆ ಬೇರೆ ಮರಿ ಅಥವಾ ಪೂರ್ತಿ ರೊಕ್ಕ. ಸತ್ತರೆ ಹೂಳುವ ಮೊದಲು ಫೋನ್ ಮಾಡಿ, ವೈದ್ಯರ ವರದಿ ತೆಗೆಸಬೇಕು. ಕಳೆದ ವರ್ಷದಲ್ಲಿ ನಿಮ್ಮ ಮನೆಯಲ್ಲಿ ನಾಯಿಮರಿ ಸತ್ತಿದೆಯೇ, ಹೌದು ಅಥವಾ ಇಲ್ಲ. ಇದೊಂದು ಪ್ರಶ್ನೆ ಅವರ ಹೆಂಡತಿ ಸೇರಿಸಿದ್ದು, ನನಗೆ ಹೊಳೆದಿರಲಿಲ್ಲ. ಆಪರೇಷನ್ ಮಾಡಿಸುವಾಗ ಇದು ತೆಳುಮೈಯ ಬೇಟೆನಾಯಿ ಅಂತ ವೈದ್ಯರಿಗೆ ಹೇಳಬೇಕು, ಯಾಕಂದ್ರೆ ಈ ಜಾತಿಯ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಯ ಅಮಲು ಬೇಗ ಇಳಿಯೋದಿಲ್ಲ. ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ವಾಪಸ್ ತರಬೇಕು ಅನ್ನೋದು ಕೊನೆಯ ಸಾಲು. ಇದಕ್ಕೆ ಸಹಿ ಹಾಕುವಾಗ ಗಿರಾಕಿ ನಗ್ತಾರಂತೆ.

ಸಹಿಗಿಂತ ಕಷ್ಟ ಆಗಿದ್ದು ಬೇರೆ. ಕೇಂದ್ರದ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮದಂತೆ ಎಂಟು ವಾರಕ್ಕಿಂತ ಸಣ್ಣ ಮರಿ ಮಾರುವಂತಿಲ್ಲ, ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಅರ್ಜಿ ಶುಲ್ಕ ಐದು ಸಾವಿರ, ನೋಂದಣಿ ಎರಡು ವರ್ಷಕ್ಕೆ. ಇವರದು ಆಗಿಲ್ಲ. "ಹಂಗಾದ್ರ ಈ ಕಾಗದಾನೇ ನನ್ನ ಮ್ಯಾಲೆ ಸಾಕ್ಷಿ ಆಗೂದಿಲ್ಲೇನ್ರಿ?" ಅಂದರು. ಆಗುತ್ತೆ. ಆದರೆ ಫೋನ್‌ಪೇ ಲೆಕ್ಕ, ವಾಟ್ಸಾಪ್ ಫೋಟೋ ಆಗಲೇ ಸಾಕ್ಷಿ ಆಗಿವೆ, ಅವು ಇವರ ಪರವಾಗಿ ಏನೂ ಹೇಳೋದಿಲ್ಲ.

ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಹೋಗಿ ಕೇಳಿಕೊಂಡು ಬನ್ನಿ ಅಂದೆ, ಹೋಗಿ ಬಂದರು. ಹೆಂಡತಿ ಐದು ಸಾವಿರ ಅಂದ್ರೆ ಅರ್ಧ ಮರಿ ಅಂತ ಲೆಕ್ಕ ಹಾಕಿ, ಮುಂದಿನ ಸೂಲಿನ ಮೊದಲ ಮರಿ ರೊಕ್ಕ ಅದಕ್ಕೇ ಅಂತ ತೆಗೆದಿಟ್ಟಿದ್ದಾರೆ. ನಾಯಿ ಈಗ ಗಬ್ಬ ಇದೆ. ಮೈಕ್ರೋಚಿಪ್ ಹಾಕುವವರನ್ನು ಹುಡುಕುತ್ತಿದ್ದಾರೆ, ಗೊತ್ತಿದ್ದವರು ಕೆಳಗೆ ತಿಳಿಸಿ.