ಸೋಮವಾರದ ಮುಂಬಯಿ

ಊರಿನಿಂದ ಬಂದ ನೆಂಟರಿಗೆ ಮುಂಬಯಿ ತೋರಿಸುವುದು ಯಾವಾಗ? ಕೊನೆಯ ದಿನ. ಹೊರನಾಡಿನ ಕನ್ನಡ ಮನೆಗಳಲ್ಲಿ ಇದೊಂದು ಬರೆಯದ ಕಾನೂನು. ಬಂದವರು ಹದಿನೈದು ದಿನ ಇರಲಿ, ಒಂದು ತಿಂಗಳು ಇರಲಿ, ಗೇಟ್‌ವೇ ನೋಡುವುದು ಮಾತ್ರ ರೈಲು ಹತ್ತುವ ಹಿಂದಿನ ದಿನವೇ. ಅದಕ್ಕೆ ಕಾರಣವೂ ಇದೆ. ಮೊದಲ ದಿನಗಳು ಪ್ರಯಾಣದ ದಣಿವಿಗೆ ಹೋಗುತ್ತವೆ. ಆಮೇಲೆ ಡೊಂಬಿವಲಿಯ ಚಿಕ್ಕಪ್ಪನ ಮನೆ, ಕಲ್ಯಾಣದ ಸೋದರತ್ತೆ ಮನೆ, ನೆರೂಲಿನಲ್ಲಿ ಹೊಸದಾಗಿ ಬ್ಲಾಕ್ ಕೊಂಡ ಭಾವನ ಮನೆ. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರ ಮನೆಗೆ ಹೋಗದಿದ್ದರೆ ಊರಿನವರೆಗೂ ಮಾತು ಹೋಗುತ್ತದೆ. ಎಲ್ಲ ಮುಗಿದು ಉಪ್ಪಿನಕಾಯಿ ಭರಣಿ ಖಾಲಿಯಾಗಿ, ಆ ಜಾಗದಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಸಾಮಾನು ತುಂಬಿಕೊಂಡ ಮೇಲೆ ಒಂದು ದಿನ ಉಳಿಯುತ್ತದೆ. ಆಗ ಯಾರೋ ಹೇಳುತ್ತಾರೆ, "ಅಯ್ಯೋ, ಮುಂಬಯಿ ನೋಡಲೇ ಇಲ್ಲವಲ್ಲ!"

ನಮ್ಮ ಮನೆಯಲ್ಲಿ ಆ ಕೊನೆಯ ದಿನ ಯಾವಾಗಲೂ ಸೋಮವಾರ. ನಾನು ವಾಗ್ಳೆ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದೆ. ನಮ್ಮಲ್ಲಿ ವಾರದ ರಜೆ ಸೋಮವಾರ. ಭಾನುವಾರ ನೆಂಟರಿಗೆಲ್ಲ ರಜೆಯಾದ್ದರಿಂದ ಅದು ಭೇಟಿಗೇ ಹೋಗುತ್ತಿತ್ತು. ಹಾಗಾಗಿ ಸೋಮವಾರ ಮುಂಬಯಿ ದರ್ಶನ, ಮಂಗಳವಾರ ಮಧ್ಯಾಹ್ನದ ಮತ್ಸ್ಯಗಂಧಕ್ಕೆ ಠಾಣೆ ಸ್ಟೇಷನ್ನಿನಲ್ಲಿ ಹತ್ತಿಸುವುದು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ನಮ್ಮ ಕುಂದಾಪುರ ಕಡೆಯವರಿಗೆ ಮುಂಬಯಿ ಒಂದು ರಾತ್ರಿಯ ದೂರ. ಅದಕ್ಕೆ ಮುಂಚೆ ಬಸ್ಸಿನಲ್ಲಿ ಬಂದವರ ಕಾಲು ಬಾತಿರುತ್ತಿತ್ತು.

ಸೋಮವಾರಕ್ಕೊಂದು ತೊಂದರೆ ಇದೆ. ಘಾರಾಪುರಿ, ಅಂದರೆ ಎಲಿಫೆಂಟಾ ಗುಹೆ, ಸೋಮವಾರ ಮುಚ್ಚಿರುತ್ತದೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನವೂ, ಅದರೊಳಗಿನ ಕಾನ್ಹೇರಿ ಗುಹೆಗಳೂ ಸೋಮವಾರ ಇಲ್ಲ. ಅಮ್ಮನಿಗೆ ಮುಂಬಯಿಯಲ್ಲಿ ನೋಡಬೇಕೆಂದು ಇದ್ದದ್ದು ಒಂದೇ, ಆ ಘಾರಾಪುರಿಯ ಮೂರು ಮುಖದ ಶಿವ. ಊರಿನ ಶಾಲೆಯ ಪುಸ್ತಕದಲ್ಲಿ ಯಾವಾಗಲೋ ಚಿತ್ರ ನೋಡಿದ್ದಳಂತೆ. ಪ್ರತಿ ಸಲವೂ ಸೋಮವಾರ. ಪ್ರತಿ ಸಲವೂ "ಮುಂದಿನ ಸರ್ತಿ ಅಮ್ಮ".

ಬದಲಿಗೆ ನಾನು ಆನೆ ತೋರಿಸುತ್ತಿದ್ದೆ. ಆ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟದ್ದು ಅಲ್ಲಿದ್ದ ದೊಡ್ಡ ಕಲ್ಲಾನೆಯನ್ನು ನೋಡಿ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತಿದಾಗ ಕ್ರೇನ್ ಮುರಿದು ಆನೆ ಚೂರುಚೂರಾಯಿತು. ಚೂರುಗಳನ್ನು ಆಮೇಲೆ ಜೋಡಿಸಿದರು. ಈಗ ಅದು ಬೈಕಲಾದ ಜಿಜಾಮಾತಾ ಉದ್ಯಾನದಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಪಕ್ಕ ನಿಂತಿದೆ. ದ್ವೀಪ ಬಿಟ್ಟು ಬಂದು, ಒಡೆದು, ಮತ್ತೆ ಕೂಡಿಕೊಂಡು, ಊರಿನ ಹೆಸರನ್ನು ಮಾತ್ರ ಅಲ್ಲೇ ಬಿಟ್ಟ ಆನೆ. ನಮ್ಮಂಥವರ ಪೈಕಿಯೇ ಅನ್ನಿಸುತ್ತಿತ್ತು ನನಗೆ.

ದರ್ಶನ ಠಾಣೆ ಸ್ಟೇಷನ್ನಿನಿಂದಲೇ ಶುರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಇಲ್ಲಿ. ಹದಿನಾಲ್ಕು ಡಬ್ಬಿ, ಸುಮಾರು 400 ಜನ, ಎಳೆಯಲು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನು. ಅಷ್ಟು ಹೇಳುವುದರೊಳಗೆ ಲೋಕಲ್ ಬಂದಿರುತ್ತಿತ್ತು. ಆಮೇಲೆ ವಿ.ಟಿ. 1996ರಲ್ಲಿ ಅದು ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಹೆಸರಿಗೆ ಮಹಾರಾಜ್ ಸೇರಿತು, ನಮ್ಮ ಬಾಯಿಯಲ್ಲಿ ಇವತ್ತಿಗೂ ವಿ.ಟಿ. ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ ಅಪ್ಪಯ್ಯನಿಗೆ ಹಿಡಿಸಿದ್ದು ಹೂವಿಗಲ್ಲ, ಅದರ ಕೆಳಗೆ ಊರಿಗೆ ಕುಡಿಯುವ ನೀರಿನ ಟಾಂಕಿ ಇದೆ ಎಂದು ಗೊತ್ತಾದದ್ದಕ್ಕೆ. "ಮೇಲೆ ತೋಟ, ಅಡಿಗೆ ನೀರಾ? ನಮ್ಮಲ್ಲಿ ತೋಟ ಒಂದ್ ಕಡೆ, ಬಾವಿ ಒಂದ್ ಕಡೆ" ಎಂದು ಎರಡು ದಿನ ಹೇಳಿಕೊಂಡರು.

ಗೇಟ್‌ವೇ ಆಫ್ ಇಂಡಿಯಾ ಕಡೆಯ ನಿಲ್ದಾಣ. ಆ ಕಮಾನಿನ ಕತೆಯೂ ವಿಚಿತ್ರ. 1911ರ ಡಿಸೆಂಬರಿನಲ್ಲಿ ಬಂದ ಐದನೇ ಜಾರ್ಜ್ ದೊರೆಯ ನೆನಪಿಗೆ ಅದನ್ನು ಕಟ್ಟಿದ್ದು, ಆದರೆ ದೊರೆ ಬಂದಾಗ ಅದಿರಲಿಲ್ಲ. ಮುಗಿದದ್ದೇ 1924ರಲ್ಲಿ. 1948ರ ಫೆಬ್ರವರಿ 28ರಂದು ಕೊನೆಯ ಬ್ರಿಟಿಷ್ ಪಡೆ ಅದರಡಿ ನಡೆದು ಹಡಗು ಹತ್ತಿತು. ಬರುವವರ ಹೆಸರಿನಲ್ಲಿ ಎದ್ದ ಬಾಗಿಲು, ಕೆಲಸಕ್ಕೆ ಬಂದದ್ದು ಹೋಗುವವರಿಗೆ. ನಮ್ಮ ನೆಂಟರು ಕೊನೆಯ ದಿನ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಹೀಗೆ ಎಷ್ಟು ಸೋಮವಾರ ತಿರುಗಿದ್ದೇನೋ. ನೆಂಟರು ಬಾರದಿದ್ದರೆ ಗೇಟ್‌ವೇ ಕಡೆ ಒಮ್ಮೆಯೂ ಹೋಗುತ್ತಿರಲಿಲ್ಲ. ಮನೆ, ಕಾರ್ಖಾನೆ, ಕಿಸಾನ್ ನಗರದ ಸಂತೆ, ವರ್ಷಕ್ಕೊಮ್ಮೆ ಊರು: ಇಷ್ಟರಲ್ಲೇ ನನ್ನ ಮುಂಬಯಿ ಮುಗಿಯುತ್ತದೆ. ಬೆಳಗಾದರೆ ಹೊರಟು ರಾತ್ರಿಯವರೆಗೆ ಅಷ್ಟು ಓಡಾಡಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಕೊನೆಯ ದಿನ ಮನೆಯಲ್ಲಿ ಸುಮ್ಮನೆ ಕೂತರೆ ಒಂದು ಪ್ರಶ್ನೆ ಬರುತ್ತದೆ. ಹದಿನೈದು ದಿನ ಯಾರೂ ಕೇಳದೆ ಇಟ್ಟುಕೊಂಡದ್ದು. "ಊರಿಗೆ ಬಪ್ಪುದ್ ಯಾವಾಗ?" ಈ ಬರುವುದು ರಜೆಗೆ ಬರುವುದಲ್ಲ. ಓಡುವ ಲೋಕಲಿನಲ್ಲಿ, ಚೌಪಾಟಿಯ ಭೇಲ್ ತಿನ್ನುತ್ತಾ ಅದನ್ನು ಯಾರೂ ಕೇಳಲಾರರು.

2008ರ ಜನವರಿಯಲ್ಲಿ ಅಪ್ಪಯ್ಯ ಒಬ್ಬರೇ ಬಂದಿದ್ದರು. ಸೋಮವಾರ ಬೆಳಿಗ್ಗೆ ನಾನು ಚೀಲಕ್ಕೆ ನೀರಿನ ಬಾಟಲಿ ಹಾಕುತ್ತಿದ್ದೆ.

"ಇವತ್ ಎಲ್ಲಿಗೂ ಬ್ಯಾಡ ಮಗಾ. ನೀ ದಿನಾ ಹೋಪ ಜಾಗ ಕಾಣ್ಕ್."

"ಅಲ್ಲಿ ನೋಡಲಿಕ್ಕೆ ಎಂತ ಇದೆ ಅಪ್ಪಯ್ಯ? ಇವತ್ತು ರಜೆ, ಬಾಗಿಲು ಹಾಕಿರುತ್ತದೆ."

"ಅಡ್ಡಿಲ್ಲ."

ನಡೆದೇ ಹೋದೆವು. ವಾಗ್ಳೆ ಎಸ್ಟೇಟನ್ನು ಪ್ರೇಕ್ಷಣೀಯ ಸ್ಥಳ ಎಂದು ಯಾವ ಪುಸ್ತಕವೂ ಬರೆಯುವುದಿಲ್ಲ. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದಾಗ ಅದರ ಮೊದಲ ಕೈಗಾರಿಕಾ ಪ್ರದೇಶ ಇದು. ರಸ್ತೆಗಳಿಗೆ ಮಹಾತ್ಮರ ಹೆಸರಿಲ್ಲ, ನಂಬರು: ರೋಡ್ ನಂಬರ್ 16, ರೋಡ್ ನಂಬರ್ 22. ಎಣ್ಣೆ, ಬಣ್ಣ, ಕಾದ ಕಬ್ಬಿಣದ ವಾಸನೆ. ನಾನು 1984ರಲ್ಲಿ ಬಂದಾಗ ಶಿಫ್ಟ್ ಬಿಡುವ ಹೊತ್ತಿಗೆ ಚಹಾದಂಗಡಿಯ ಮುಂದೆ ಕುಂದಾಪುರದ, ಕಾರ್ಕಳದ, ಕಲಬುರಗಿಯ ಕನ್ನಡಗಳು ಮರಾಠಿಯ ಜೊತೆ ಸೇರಿಕೊಳ್ಳುತ್ತಿದ್ದವು. ಅಪ್ಪಯ್ಯ ಬಂದ ಹೊತ್ತಿಗೆ ಕೆಲವು ಪ್ಲಾಟುಗಳಲ್ಲಿ ಹಳೆಯ ಶೆಡ್ ಕೆಡವಿ ಗಾಜಿನ ಕಟ್ಟಡ ಏಳುತ್ತಿತ್ತು.

ವಾಚ್‌ಮನ್ ಗುರುತಿನವನು, ಒಳಗೆ ಬಿಟ್ಟ. ಶೆಡ್ಡಿಗೆ ಬೀಗ. ಅಪ್ಪಯ್ಯ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದರು. ಕತ್ತಲಲ್ಲಿ ಸಾಲಾಗಿ ಲೇತುಗಳು. ಮೂರನೆಯದು ನನ್ನದು ಎಂದೆ.

"ನಿಂತ್ಕಂಡೇ ಕೆಲಸವಾ?"

"ಹೌದು."

"ಇಪ್ಪತ್ನಾಲ್ಕ್ ವರ್ಷವೂ?"

"ಹೌದು."

ಅಪ್ಪಯ್ಯ ನೆಲದ ಮೇಲೆ ಬಿದ್ದಿದ್ದ ಸುರುಳಿ ಸುರುಳಿ ಕಬ್ಬಿಣದ ಚೂರೊಂದನ್ನು ಎತ್ತಿ ಬೆರಳಿನಲ್ಲಿ ತಿರುಗಿಸಿ ನೋಡಿದರು. ಬೆರಳು ಕುಯ್ಯುತ್ತದೆ ಎಂದು ನಾನು ಹೇಳುವುದರೊಳಗೆ ಜೋಪಾನವಾಗಿ ಇದ್ದಲ್ಲೇ ಇಟ್ಟರು. ಕೆಲಸದ ಜಾಗದ ವಸ್ತುವನ್ನು ಅತ್ತಿತ್ತ ಮಾಡಬಾರದು ಎಂಬುದು ಗದ್ದೆಯವರಿಗೆ ಗೊತ್ತಿರುತ್ತದೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು. ಆಗ ಕೇಳಿದರು. ಪ್ರಶ್ನೆಯ ಹಾಗಿರಲಿಲ್ಲ.

"ನೀ ಬತ್ತಿಲ್ಲ, ಅಲ್ದಾ?"

ಇಬ್ಬರು ಮಕ್ಕಳ ಶಾಲೆ, ಮನೆಯ ಸಾಲದ ಕಂತು, ನಾಟಿಗೆ ಜನ ಸಿಗದ ಊರು, ಎಲ್ಲ ಅವರಿಗೆ ಗೊತ್ತಿದ್ದದ್ದೇ. ನಾನು ಇಲ್ಲ ಎಂದೆ. ಅವರು ಲೋಟ ಕೆಳಗಿಟ್ಟು, "ಹಾಂಗಾರೆ ಗದ್ದೆಗೆ ಮಣ್ಣ್ ಏರಿಸಿ ಅಡಿಕೆ ಹಾಕ್ಸ್ತೆ. ಬತ್ತಕ್ಕೆ ಜನ ಬೇಕ್, ಅಡಿಕೆಗಾರೆ ನಾ ಒಬ್ನೇ ಸಾಕ್" ಎಂದರು. ಸಿಟ್ಟಿರಲಿಲ್ಲ. ಬೇಸಾಯದ ಲೆಕ್ಕ ಹೇಳುವ ಅದೇ ದನಿ. ಆ ಮಳೆಗಾಲದಲ್ಲಿ ನಮ್ಮ ಬೈಲುಗದ್ದೆ ತೋಟವಾಯಿತು. ಸಸಿ ಫಲಕ್ಕೆ ಬರುವ ಮೊದಲು, 2010ರಲ್ಲಿ, ಅಪ್ಪಯ್ಯ ಹೋದರು.

2012ರಲ್ಲಿ ನಮ್ಮ ಕಾರ್ಖಾನೆಯೂ ಮುಚ್ಚಿತು. ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಇನ್ನೊಂದು ಕಡೆ ಕೆಲಸ ಸಿಗುವವರೆಗೆ ನಾಲ್ಕು ತಿಂಗಳು ಎಲ್ಲ ವಾರವೂ ನನ್ನದೇ. ಆಗ ಅಮ್ಮ ಬಂದಿದ್ದಳು. ಒಂದು ಬುಧವಾರ ಘಾರಾಪುರಿಗೆ ಕರೆದುಕೊಂಡು ಹೋದೆ. ಗೇಟ್‌ವೇಯಿಂದ ದೋಣಿಯಲ್ಲಿ ಒಂದು ಗಂಟೆ, ಆಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಡೋಲಿಯವರು ಕರೆದರೂ ಅಮ್ಮ ಕೂರಲಿಲ್ಲ. ಕೂತು ಎದ್ದು, ಕೂತು ಎದ್ದು ಹತ್ತಿದಳು. ದೋಣಿಯಲ್ಲಿ ನಾನು ಐಹೊಳೆಯ ಸುದ್ದಿ ಹೇಳಿದ್ದೆ: 634ರ ಅಲ್ಲಿನ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದ ಎಂದು ಬರೆದಿದ್ದಾನೆ, ಆ ಪುರಿ ಈ ಘಾರಾಪುರಿಯೇ ಎನ್ನುವ ವಿದ್ವಾಂಸರಿದ್ದಾರೆ. "ಹಾಂಗಾರೆ ನಮ್ಮವ್ರ್ ಮೊದ್ಲೇ ಬಂದಿದ್ರ್" ಎಂದಳು, ನೆಂಟರ ಮನೆಯ ಸುದ್ದಿ ಕೇಳಿದ ಹಾಗೆ.

ಗುಹೆಯೊಳಗೆ ಹಿಂದಿನ ಗೋಡೆಯಲ್ಲಿ ಸುಮಾರು 20 ಅಡಿ ಎತ್ತರದ ಆ ಮೂರು ಮುಖ. ಅಮ್ಮ ಸೆರಗಿನ ತುದಿಯಿಂದ ಹೂ ಬಿಚ್ಚಿ ಎಲ್ಲಿಡುವುದೆಂದು ಹುಡುಕಿದಳು. ಇಡುವ ಜಾಗ ಇರಲಿಲ್ಲ, ಅಡ್ಡಕ್ಕೆ ತಡೆ ಕಟ್ಟಿತ್ತು.

"ಭಟ್ರಿಲ್ಲ, ದೀಪ ಇಲ್ಲ. ಇವ ಎಷ್ಟ್ ವರ್ಷ ಆಯ್ತಾ ಹೀಂಗೆ ಕೂಕಂಡ್?"

"ಸಾವಿರದ ಮೇಲೆ ನಾನೂರೋ ಐನೂರೋ ವರ್ಷ ಅಮ್ಮ."

ಅಮ್ಮ ಬಹಳ ಹೊತ್ತು ನಿಂತಳು. ಆಮೇಲೆ ಹೂವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, "ಇದನ್ನ ಮನೆ ದೇವರಿಗೇ ಹಾಕುವ" ಎಂದಳು. ಮನೆ ಎಂದದ್ದು ವಾಗ್ಳೆ ಎಸ್ಟೇಟಿನ ನಮ್ಮ ಬ್ಲಾಕಿಗೆ. ಅದಕ್ಕೆ ಮುಂಚೆ ಅವಳ ಬಾಯಲ್ಲಿ ಅದು ಯಾವಾಗಲೂ "ನಿನ್ನ ರೂಮು" ಆಗಿತ್ತು.