ನಾಲ್ಕು ಊರು, ನಾಲ್ಕು ಕಾರು

ಹಿಂದೆ ನಮ್ಮ ಭಾಗದ ಒಕ್ಕಲುತನದ ಮನೆಗಳಲ್ಲಿ ಎತ್ತು ಕೊಳ್ಳುವುದೆಂದರೆ ಹಿರಿಯರು ಸಂತೆಗೆ ಹೋಗಿ, ಹಲ್ಲು ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಹಗ್ಗ ಹಿಡಿಯುತ್ತಿದ್ದರು. ಇಂದು ಅದೇ ಮನೆಗಳ ಅಂಗಳಕ್ಕೆ ಹಳೆಯ ಕಾರುಗಳು ಬರುತ್ತಿವೆ. ಆದರೆ ಎತ್ತಿನ ಮುಂದೆ ಇದ್ದ ಜಾಣ್ಮೆ ಕಾರಿನ ಮುಂದೆ ನಿಂತಾಗ ಏಕೋ ಸಂಕೋಚಪಡುತ್ತದೆ. ಬಣ್ಣ ಹೊಳೆಯುತ್ತಿದ್ದರೆ ಸಾಕು. ಮಾರುವವರು ಪರಿಚಿತರಾದರಂತೂ ಒಂದು ಮಾತೂ ಕೇಳದೆ ಮುಂಗಡ ಕೊಟ್ಟು ಬರುವವರೇ ಹೆಚ್ಚು.

ನವಲಗುಂದದಲ್ಲಿ ಶಿಕ್ಷಕಿಯಾಗಿರುವ ನನ್ನ ಸೋದರ ಸೊಸೆಯ ಅತ್ತೆಯವರಿಗೆ ವಾರಕ್ಕೆ ಎರಡು ಸಲ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ಆಗಬೇಕು. ಬಸ್ಸಿನಲ್ಲಿ ಹೋಗಿ ಬರುವ ತ್ರಾಣ ಆ ಹಿರಿಯ ಜೀವಕ್ಕೆ ಉಳಿದಿಲ್ಲ. ಸಂಬಳದಲ್ಲಿ ಉಳಿಸಿದ ಮೂರೂವರೆ ಲಕ್ಷ ರೂಪಾಯಿಗಳಲ್ಲಿ, ನಡುದಾರಿಯಲ್ಲಿ ಕೈಕೊಡದ ಒಂದು ಕಾರು ಬೇಕಾಗಿತ್ತು. ಬಲ್ಲ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ನಾವು ನಾಲ್ಕು ಊರು ತಿರುಗಿದೆವು. ಕಾರು ತಾನು ಬಾಳಿದ ಊರಿನ ಗುರುತನ್ನು ಮೈಮೇಲೆ ಹೊತ್ತಿರುತ್ತದೆಯೆಂಬುದು ಆ ತಿರುಗಾಟದಲ್ಲಿ ಮನದಟ್ಟಾಯಿತು.

ಮೊದಲನೆಯದು ಹುಬ್ಬಳ್ಳಿ. ಗೋಕುಲ ರಸ್ತೆಯ ಆಚೀಚೆ ವಾಹನಗಳ ವ್ಯಾಪಾರ ದೊಡ್ಡದು. ಅಲ್ಲಿ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಬಿಳಿಯ ಡೀಸೆಲ್ ಕಾರೊಂದು ತೊಳೆದ ಮುತ್ತಿನಂತೆ ನಿಂತಿತ್ತು. ಮೇಸ್ತ್ರಿಯವರು ಬಾಗಿಲು ತೆರೆಯುವುದಕ್ಕೆ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. “ಬಿಸಿ ಐತ್ರಿ. ಆರಿದ ಮ್ಯಾಲ ನೋಡೂಣು” ಎಂದು ನೆರಳಿನಲ್ಲಿ ಕುಳಿತುಬಿಟ್ಟರು. ನಾವು ಬರುವ ಮುನ್ನವೇ ಎಂಜಿನ್ನನ್ನು ಓಡಿಸಿ ಇಟ್ಟಿದ್ದರೆಂಬುದು ಆಮೇಲೆ ತಿಳಿಯಿತು. ಎರಡು ತಾಸಿನ ನಂತರ ತಣ್ಣಗಾದ ಎಂಜಿನ್ ಚಾಲು ಮಾಡಿದಾಗ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಎದ್ದಿತು. ನೀಲಿ ಹೊಗೆಯೆಂದರೆ ಒಳಗೆ ಎಂಜಿನ್ ಆಯಿಲ್ ಸುಡುತ್ತಿದೆಯೆಂದು ಅರ್ಥ. ಬಿಸಿಯಾದ ಎಂಜಿನ್ ಇಂತಹ ಎಷ್ಟೋ ರೋಗಗಳನ್ನು ಮುಚ್ಚಿಡುತ್ತದೆ. ನಾವು ನಮಸ್ಕಾರ ಹೇಳಿ ಹೊರಟೆವು.

ಸೊಸೆಯ ಸಹೋದ್ಯೋಗಿಯೊಬ್ಬರ ಪರಿಚಿತರು ಉಡುಪಿಯಲ್ಲಿ ಕಾರು ಮಾರುವವರಿದ್ದರು. ಯಲ್ಲಾಪುರ ದಾಟಿ ಅರಬೈಲು ಘಟ್ಟವಿಳಿದು ಅಂಕೋಲೆಗೆ ಬಂದರೆ ಗಾಳಿಯ ರುಚಿಯೇ ಬದಲಾಗುತ್ತದೆ. ಹೊನ್ನಾವರದ ಶರಾವತಿ ಸೇತುವೆ, ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕಣ್ಣಿಗೆ ಹಬ್ಬವೇ ಸರಿ. ಆದರೆ ಕಣ್ಣಿಗೆ ಹಬ್ಬವಾದ ಆ ಉಪ್ಪುಗಾಳಿಯೂ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯೂ ಕಬ್ಬಿಣಕ್ಕೆ ಶತ್ರುಗಳು. ಕಾರಿನ ಯಜಮಾನರು ಸಜ್ಜನರು. ಎಂಜಿನ್ ಗಡಿಯಾರದಂತೆ ನಡೆಯುತ್ತಿತ್ತು. ಮೇಸ್ತ್ರಿಯವರು ಡಿಕ್ಕಿಯ ಹಾಸನ್ನು ಎತ್ತಿ, ಹೆಚ್ಚುವರಿ ಚಕ್ರವನ್ನು ಹೊರತೆಗೆದು, ಅದರ ತಳದ ತಗಡನ್ನು ಬೆರಳಿನಿಂದ ಒತ್ತಿದರು. ತುಕ್ಕು ಹಪ್ಪಳದಂತೆ ಮುರಿದು ಬಿದ್ದಿತು. ಬಾಗಿಲುಗಳ ಕೆಳ ಅಂಚಿನಲ್ಲಿಯೂ ಅದೇ ಸ್ಥಿತಿ. ಯಜಮಾನರೇ ಬೆರಗಾದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ, ಅವರೂ ಆ ಹಾಸನ್ನು ಎಂದೂ ಎತ್ತಿರಲಿಲ್ಲ. ಪರೀಕ್ಷೆ ಮಾಡುವುದೆಂದರೆ ಮಾರುವವರನ್ನು ಸಂಶಯಿಸುವುದಲ್ಲ. ಅವರಿಗೂ ತಿಳಿಯದ್ದನ್ನು ತಿಳಿಯುವುದು.

ಮೂರನೆಯದು ಬೆಂಗಳೂರು. ರಾಜಧಾನಿಯಲ್ಲಿ ಕಾರುಗಳೂ ಬಹಳ, ಬೆಲೆಯೂ ಕಡಿಮೆ ಎಂಬ ಮಾತು ಕೇಳಿ ರೈಲು ಹತ್ತಿದೆವು. ಪುರಭವನದಿಂದ ಮಿನರ್ವ ವೃತ್ತದವರೆಗೆ ಹಬ್ಬಿರುವ ಜೆ.ಸಿ. ರಸ್ತೆಯನ್ನು ಹಳೆಯ ಕಾರು ಕೊಳ್ಳುವವರು ಒಮ್ಮೆ ನಡೆದು ನೋಡಬೇಕು. ರವೀಂದ್ರ ಕಲಾಕ್ಷೇತ್ರವಿರುವ ಇದೇ ರಸ್ತೆಯಲ್ಲಿ ಕಾರಿಗೆ ಬೇಕಾದ ಸಕಲ ವೇಷಭೂಷಣಗಳೂ ಸಿಗುತ್ತವೆ: ಸೀಟಿನ ಹೊದಿಕೆ, ಸ್ಟೇರಿಂಗ್ ಕವಚ, ಪೆಡಲಿನ ರಬ್ಬರು, ದೀಪ, ಕನ್ನಡಿ. ಅದು ಪ್ರಾಮಾಣಿಕ ವ್ಯಾಪಾರವೇ. ಆದರೆ ಅಲ್ಲಿ ನಿಂತಾಗ ಒಂದು ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಮೀಟರಿನಲ್ಲಿ 40,000 ಕಿಲೋಮೀಟರ್ ತೋರಿಸುವ ಕಾರಿಗೆ ಪೆಡಲಿನ ರಬ್ಬರು ಹೊಸದೇಕೆ ಬೇಕಾಯಿತು? ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಸರ್ವಿಸ್ ಮಾಡಿಸಿದ ದಾಖಲೆಗಳನ್ನು ಸಾಲಾಗಿ ಓದಿದರೆ ಸುಳ್ಳು ನಿಲ್ಲುವುದಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ಎಚ್ಚರ ಬೇಕು. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಮನೆಗಳೂ ವಾಹನಗಳೂ ನೀರಿನಲ್ಲಿ ನಿಂತಿದ್ದವು. ಹಾಗೆ ಮುಳುಗಿದ ಕಾರು ಒಣಗಿ ಬಣ್ಣ ಕಂಡ ಮೇಲೆ ನೋಡಲು ಚೆಂದವಾಗಿಯೇ ಇರುತ್ತದೆ. ವಿದ್ಯುತ್ ತಂತಿಗಳು ಮಾತ್ರ ಒಳಗೊಳಗೇ ಕೊಳೆಯುತ್ತವೆ. ನಾವು ನೋಡಿದ ಕಾರಿನ ಸೀಟ್ ಬೆಲ್ಟನ್ನು ಮೇಸ್ತ್ರಿಯವರು ಕೊನೆಯವರೆಗೂ ಎಳೆದರು. ಯಾರೂ ಎಳೆಯದ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಒಣಗಿ ಕುಳಿತಿತ್ತು.

ಬರಿಗೈಯಲ್ಲಿ ಮರಳುವಾಗ ಹಾವೇರಿಯ ದೂರದ ಬಂಧುಗಳು ತಮ್ಮ ಕಾರು ಮಾರುವ ವಿಷಯ ತಿಳಿಸಿದರು. ಸೊಸೆಗೆ ಸಂಕೋಚ: “ಮಾಮಾ, ಅವರು ನಮ್ಮವರ. ಮಿಸ್ತ್ರಿನ್ನ ಕರಕೊಂಡು ಹೋದರ ಏನಂದಕೊಂಡಾರು?” ಆದರೆ ಆ ಮನೆಯ ಹಿರಿಯರು ನಾವು ಕೇಳುವ ಮೊದಲೇ ಕೀಲಿಕೈ ಮುಂದಿಟ್ಟು, ಇಡೀ ದಿನ ನೋಡಿಕೊಳ್ಳಿರೆಂದರು. ಹಾನಗಲ್ ರಸ್ತೆಯಲ್ಲಿ ಓಡಿಸಿ ನೋಡಿದೆವು. ಕಾರು ಬದಿಗೆ ಎಳೆಯಲಿಲ್ಲ, ಬ್ರೇಕು ನೇರವಾಗಿ ಹಿಡಿಯಿತು. ಟೈರುಗಳ ಮೇಲೆ 2317 ಎಂದು ಅಚ್ಚಾಗಿತ್ತು, ಅಂದರೆ 2017ರ 23ನೆಯ ವಾರದಲ್ಲಿ ತಯಾರಾದವು. ಸವೆದಿರಲಿಲ್ಲ, ಆದರೆ ಪಕ್ಕಗಳು ಬಿರುಕು ಬಿಟ್ಟಿದ್ದವು. ನಾಲ್ಕೂ ಟೈರುಗಳ ಬೆಲೆ ಕಳೆದು ಮಾತು ಮುಗಿಯಿತು.

ದೊಡ್ಡ ಕೊರತೆ ಇದ್ದದ್ದು ಕಾಗದದಲ್ಲಿ. ಬ್ಯಾಂಕಿನ ಸಾಲ ತೀರಿ ಎಷ್ಟೋ ದಿನವಾಗಿದ್ದರೂ ನೋಂದಣಿ ಪತ್ರದಲ್ಲಿ ಸಾಲದ ನಮೂದು ಹಾಗೆಯೇ ಇತ್ತು. ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರವನ್ನೂ 35ನೆಯ ನಮೂನೆಯನ್ನೂ ತಂದು ಅದನ್ನು ತೆಗೆಸುವವರೆಗೆ ಹಣ ಕೊಡುವುದು ಬೇಡವೆಂದು ಎರಡೂ ಮನೆಯವರು ಒಪ್ಪಿದರು. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಪತ್ರದೊಡನೆ ತಾಳೆ ನೋಡಿ, 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಯಿತು. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು ಕೊಂಡವರು 14 ದಿನಗಳೊಳಗೆ ಅರ್ಜಿ ಕೊಡಬೇಕು. ಹೆಸರು ಬದಲಾಗದೆ ಅಪಘಾತವಾದರೆ ನೋಂದಣಿಯಲ್ಲಿರುವ ಮಾಲೀಕರೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದುದರಿಂದ “ನಮ್ಮವರೇ ಅಲ್ಲವೇ, ನಿಧಾನಕ್ಕೆ ಮಾಡೋಣ” ಎಂಬ ಸೌಜನ್ಯ ಕೊಟ್ಟವರಿಗೇ ಮುಳುವಾಗಬಹುದು.

ಪರಿಚಯವಿದ್ದಲ್ಲಿ ಪರೀಕ್ಷೆ ಬೇಡವೆನ್ನುವುದು ನಮ್ಮ ಮನೆತನಗಳಲ್ಲಿ ಬೇರೂರಿದ ದಾಕ್ಷಿಣ್ಯ. ವಾಸ್ತವವಾಗಿ ಪರೀಕ್ಷೆ ಹೆಚ್ಚು ಬೇಕಾದುದು ಅಲ್ಲಿಯೇ. ಅಪರಿಚಿತರಿಂದ ಕೊಂಡದ್ದು ಕೆಟ್ಟರೆ ಹಣ ಹೋಗುತ್ತದೆ. ಬಂಧುಗಳಿಂದ ಕೊಂಡದ್ದು ಕೆಟ್ಟರೆ ಹಣದೊಡನೆ ಹೋಗುಬರುವಿಕೆಯೂ ನಿಲ್ಲುತ್ತದೆ. ಹಾವೇರಿಯ ಆ ಕಾರು ಈಗ ವಾರಕ್ಕೆರಡು ಸಲ ನವಲಗುಂದದಿಂದ ಹುಬ್ಬಳ್ಳಿಗೆ ಹೋಗಿ ಬರುತ್ತಿದೆ. ಎರಡೂ ಮನೆಗಳವರು ಕಳೆದ ಜಾತ್ರೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರು.