ಅಡಿಟಿಪ್ಪಣಿಯೊಂದು ಕಲಿಸಿದ ಪಾಠ

ಸಂಶೋಧನ ಪತ್ರಿಕೆಯೊಂದಕ್ಕೆ ಕಳುಹಿಸಿದ್ದ ನನ್ನ ಲೇಖನ ಒಮ್ಮೆ ಹಿಂದಿರುಗಿ ಬಂದಿತು. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಗೆ ನಾನು ಕೊಟ್ಟಿದ್ದ ಅಡಿಟಿಪ್ಪಣಿಯ ಪಕ್ಕದಲ್ಲಿ ಪರಿಶೀಲಕರು, ‘ಈ ಸಂಖ್ಯೆಯಲ್ಲಿರುವುದು ಬೇರೆ ಶಾಸನ’ ಎಂದು ಬರೆದಿದ್ದರು.

ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟವನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಶಾಸನಗಳು ಹೆಚ್ಚಿದಂತೆ ಕ್ರಮಸಂಖ್ಯೆಗಳೂ ಬದಲಾದವು. ಮಲ್ಲಿಷೇಣ ಪ್ರಶಸ್ತಿ ರೈಸರಲ್ಲಿ 54, ನರಸಿಂಹಾಚಾರ್ಯರಲ್ಲಿ 67. ನಾನಾದರೋ ಹಳೆಯ ಗ್ರಂಥವೊಂದರಿಂದ 54 ಎಂಬುದನ್ನು ಎತ್ತಿಕೊಂಡು, ಅದರ ಜೊತೆಗೆ 1923 ಎಂದು ನಮೂದಿಸಿದ್ದೆ. ಮೂಲವನ್ನು ನಾನು ತೆರೆದೇ ನೋಡಿಲ್ಲವೆಂಬುದು ಆ ಒಂದು ಸಾಲಿನಿಂದ ಬಯಲಾಗಿತ್ತು.

ಅಲ್ಪವಿರಾಮ, ಆವರಣಚಿಹ್ನೆ, ಓರೆ ಅಕ್ಷರಗಳನ್ನು ಪತ್ರಿಕೆಯ ನಿಯಮಾವಳಿ ನೋಡಿ ಯಾರಾದರೂ ತಿದ್ದಿಯಾರು. ಸಂಪುಟ, ಆವೃತ್ತಿ, ವರ್ಷ, ಶಾಸನಸಂಖ್ಯೆ ಈ ನಾಲ್ಕಕ್ಕೆ ಮಾತ್ರ ಲೇಖಕನೇ ಹೊಣೆ. ಅವುಗಳಲ್ಲಿ ಒಂದು ತಪ್ಪಿದರೂ ಓದುಗನು ಬೇರೊಂದು ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ. ಅಂದಿನಿಂದ ನಾನು ಹಳೆಯ ಸಂಖ್ಯೆಯನ್ನೂ ಹೊಸ ಸಂಖ್ಯೆಯನ್ನೂ ಆಯಾ ಆವೃತ್ತಿಯ ವರ್ಷದೊಡನೆ ಕೊಡುತ್ತೇನೆ. ಅನ್ಯರ ಗ್ರಂಥದಿಂದ ಪಡೆದುದನ್ನು ಹಾಗೆಂದೇ ಹೇಳುತ್ತೇನೆ.